ರ‍್ಯಾಮ್ ಈಗಲೇ ಕೊಳ್ಳೋದಾ, ಇನ್ನಷ್ಟು ಇಳಿಯಲಿ ಅಂತ ಕಾಯೋದಾ?

"ರ‍್ಯಾಮ್ ರೇಟ್ ಇಳೀತಿದೆಯಂತೆ, ಈಗ ತಗೊಳ್ಲಾ, ಸ್ವಲ್ಪ ದಿನ ನೋಡ್ಲಾ?" ರ‍್ಯಾಮ್, ಅಂದರೆ ಕಂಪ್ಯೂಟರ್ ಓಡುವಾಗ ಬಳಸುವ ಮೆಮೊರಿ, ಅದರ ಬೆಲೆ ಬಗ್ಗೆ ಎಲ್ಲಾದರೂ ಒಂದು ಸಾಲು ಸುದ್ದಿ ಬಂದರೂ ಸಾಕು, ದಾವಣಗೆರೆಯಲ್ಲಿ ನನ್ನ ಪರಿಚಯದವರ ಫೋನು ಶುರುವಾಗುತ್ತದೆ. ಎಪಿಎಂಸಿ ಅಂಗಡಿಯಲ್ಲಿ ಟ್ಯಾಲಿ ನಡೆಸುವ ಗುಮಾಸ್ತರು ಕೇಳುತ್ತಾರೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರು ಕೇಳುತ್ತಾರೆ. ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಅದರಲ್ಲಿ ಇಬ್ಬರಿಗೆ ತಪ್ಪು ಹೇಳಿದ ಹಾಗೆ.

ಯಾಕೆಂದರೆ "ರ‍್ಯಾಮ್ ರೇಟ್" ಅನ್ನುವ ಒಂದು ರೇಟೇ ಇಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂತ ಮೂರು ತಲೆಮಾರಿನ ಮಾಲು, ಮೊದಲಿನದು ಹಳೇದು, ಕೊನೆಯದು ಹೊಸದು. ಮೂರರ ಮಾರುಕಟ್ಟೆಯೂ ಬೇರೆ. ಒಂದು ಇಳಿಯುವಾಗ ಇನ್ನೊಂದು ಏರುತ್ತಿರಬಹುದು. 2025ರ ಮಧ್ಯದಲ್ಲಿ ಹಳೆಯ ಡಿಡಿಆರ್4 ಚಿಪ್ಪಿನ ಸಗಟು ಬೆಲೆ ಹೊಸ ಡಿಡಿಆರ್5 ಚಿಪ್ಪಿನದನ್ನೇ ಮೀರಿತ್ತು. ಹಳೇದು ಯಾವತ್ತೂ ಅಗ್ಗ ಅಂತ ನಂಬಿ ಕೂತವರಿಗೆ ಅಂಗಡಿಯಲ್ಲಿ ಶಾಕ್ ಆಯಿತು. ಹಾಗಾಗಿ ಕಾಯಬೇಕಾ ಬೇಡವಾ ಅನ್ನೋದನ್ನು ತೀರ್ಮಾನಿಸುವುದು ಸುದ್ದಿಯಲ್ಲಿರುವ ರೇಟಲ್ಲ, ನಿಮ್ಮ ಮಷೀನಿನ ಒಳಗಿರುವ ಮಾಲು.

ನಿಮ್ಮದು ಯಾವುದು, ಮೊದಲು ನೋಡಿ

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಅಲ್ಲಿ ಸ್ಪೀಡ್ ಅಂತ ಒಂದು ಸಂಖ್ಯೆ ಇರುತ್ತದೆ. 1333 ಅಥವಾ 1600 ಇದ್ದರೆ ಹೆಚ್ಚುಕಮ್ಮಿ ಡಿಡಿಆರ್3. 2133ರಿಂದ 3200ರವರೆಗೆ ಇದ್ದರೆ ಡಿಡಿಆರ್4. 4800 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಿಡಿಆರ್5. ಅದೇ ಜಾಗದಲ್ಲಿ ರ‍್ಯಾಮ್ ಕೂರಿಸುವ ಜಾಗ, ಅಂದರೆ ಸ್ಲಾಟ್, ಎಷ್ಟಿದೆ, ಎಷ್ಟು ತುಂಬಿದೆ ಅನ್ನೋದೂ ಕಾಣುತ್ತದೆ. ಫಾರ್ಮ್ ಫ್ಯಾಕ್ಟರ್ ಎದುರು "ರೋ ಆಫ್ ಚಿಪ್ಸ್" ಅಂತ ಬಂದರೆ ಲ್ಯಾಪ್‌ಟಾಪಿನ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿದೆ ಅಂತ ಅರ್ಥ. ಅಂಥ ಲ್ಯಾಪ್‌ಟಾಪಿನಲ್ಲಿ ಬೇರೆ ಖಾಲಿ ಸ್ಲಾಟ್ ಇಲ್ಲದಿದ್ದರೆ ಈ ಲೇಖನದ ಬಹುಭಾಗ ನಿಮಗೆ ಬೇಕಿಲ್ಲ, ಕೊನೆಯ ಭಾಗಕ್ಕೆ ಹೋಗಿ.

ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪಿನ ಡಿಡಿಆರ್4ಗೂ ಡಿಡಿಆರ್5ಗೂ 288 ಪಿನ್ನೇ ಇರುವುದು, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕೂರಲಿಲ್ಲ ಅಂತ ಒತ್ತಬೇಡಿ, ಬೋರ್ಡ್ ಹೋಗುತ್ತದೆ.

ಡಿಡಿಆರ್5: ಕಾದರೆ ಲಾಭ ಇರುವುದು ಇಲ್ಲಿ

ಜಗತ್ತಿನ ರ‍್ಯಾಮ್ ಚಿಪ್ಪಿನಲ್ಲಿ ಬಹುಪಾಲು ಮಾಡುವವರು ಮೂರೇ ಕಂಪನಿ. ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ನಾವು ಅಂಗಡಿಯಲ್ಲಿ ನೋಡುವ ಹತ್ತಾರು ಬ್ರ್ಯಾಂಡಿನ ರ‍್ಯಾಮ್ ಕಡ್ಡಿಗಳಲ್ಲಿ (ಸ್ಟಿಕ್) ಕೂತಿರುವುದು ಹೆಚ್ಚಾಗಿ ಇವರ ಚಿಪ್ಪೇ. ಈ ಮೂವರೂ ಪರ್ಸನಲ್ ಕಂಪ್ಯೂಟರಿಗೆ ಮುಂದೆ ಮಾಡಲಿರುವುದು ಡಿಡಿಆರ್5. 2022ರಲ್ಲಿ ಬಂದ, ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ5 ಮದರ್‌ಬೋರ್ಡುಗಳಿಗೆ ಇದು ಬಿಟ್ಟು ಬೇರೆ ಹಾಕೋಕೇ ಆಗಲ್ಲ. ಸರಕು ಹೆಚ್ಚಾದಾಗ ಬೆಲೆ ನಿಜವಾಗಿ ಇಳಿಯುವುದು ಈ ಮಾಲಿನಲ್ಲೇ. ನಿಮ್ಮ ಮಷೀನ್ ಡಿಡಿಆರ್5 ಆಗಿದ್ದು, ಕೆಲಸ ನಿಂತಿಲ್ಲ ಅಂದರೆ ಆರಾಮಾಗಿ ಕಾಯಿರಿ.

ಡಿಡಿಆರ್4: ಸ್ವಲ್ಪ ಇಳಿದರೂ ತಗೊಂಡುಬಿಡಿ

ನಮ್ಮ ಊರಿನ ಅಂಗಡಿ, ಆಫೀಸುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. 2014ರಲ್ಲಿ ಬಂದ ಮಾಲು. 2025ರಲ್ಲಿ ದೊಡ್ಡ ಕಂಪನಿಗಳು ಇದರ ತಯಾರಿಕೆ ಕಮ್ಮಿ ಮಾಡುತ್ತಾ ಬರುವ ನಿರ್ಧಾರ ಮಾಡಿದವು. ಮಾಡುವವರು ಕಮ್ಮಿ, ಹಾಕಿಕೊಂಡ ಮಷೀನುಗಳು ಮಾತ್ರ ಲೆಕ್ಕವಿಲ್ಲದಷ್ಟು. ಇಂಥ ಮಾಲಿನ ಬೆಲೆ ಮಧ್ಯೆ ಮಧ್ಯೆ ಇಳಿದರೂ ಆ ಇಳಿತ ತುಂಬಾ ದಿನ ನಿಲ್ಲುವುದಿಲ್ಲ.

2023ರಲ್ಲಿ 8 ಜಿಬಿ ಡಿಡಿಆರ್4 ಕಡ್ಡಿ ಎರಡು ಸಾವಿರ ರೂಪಾಯಿ ಒಳಗೇ ಸಿಗುತ್ತಿತ್ತು. "ಆ ರೇಟ್ ಬರಲಿ, ತಗೊಳ್ತೀನಿ" ಅನ್ನುವವರು ತುಂಬಾ ಜನ ಇದ್ದಾರೆ. ನನ್ನ ಮಾತು ಕೇಳುವುದಾದರೆ ಆ ಆಸೆ ಬಿಡಿ. ಏರಿದ ಬೆಲೆ ಒಂದಿಷ್ಟು ಇಳಿದು ನಿಮ್ಮ ಬಜೆಟ್ಟಿಗೆ ಬಂತು ಅಂದರೆ ಅದೇ ನಿಮ್ಮ ರೇಟು. ತಳ ಮುಟ್ಟಲಿ ಅಂತ ಕೂತರೆ, ತಳ ಕಾಣುವ ಹೊತ್ತಿಗೆ ಒಳ್ಳೆ ಬ್ರ್ಯಾಂಡಿನ ಮಾಲೇ ಸಿಗದೆ ಹೋಗಬಹುದು. ಡಿಡಿಆರ್3ಗೆ ಆಗಿದ್ದು ಅದೇ.

ಡಿಡಿಆರ್3: ಸುದ್ದಿಗೂ ಇದಕ್ಕೂ ಸಂಬಂಧ ಕಮ್ಮಿ

ಬೆಲೆ ಏರಿತು, ಇಳಿಯಿತು ಅನ್ನುವ ಸುದ್ದಿಯಲ್ಲಿ ಡಿಡಿಆರ್3 ಹೆಚ್ಚಾಗಿ ಲೆಕ್ಕಕ್ಕೇ ಇರುವುದಿಲ್ಲ. ಹೊಸದು ಅಂತ ಅಂಗಡಿಯಲ್ಲಿ ಕೊಡುವುದು ಹೆಚ್ಚಾಗಿ ಹೆಸರು ಕೇಳದ ಬ್ರ್ಯಾಂಡು. ಅದಕ್ಕಿಂತ ಆಫೀಸಿನಿಂದ ಬಿಚ್ಚಿದ ಮಷೀನಿನ ಸೆಕೆಂಡ್ ಹ್ಯಾಂಡ್ ಕಡ್ಡಿಯೇ ವಾಸಿ. ರ‍್ಯಾಮ್‌ನಲ್ಲಿ ತಿರುಗುವ, ಸವೆಯುವ ಭಾಗ ಇಲ್ಲ. ಚೆನ್ನಾಗಿ ಓಡಿದ ಕಡ್ಡಿ ಇನ್ನೂ ಓಡುತ್ತದೆ.

ಆದರೆ ಈ ಮಷೀನುಗಳಿಗೆ ಎಷ್ಟು ಖರ್ಚು ಮಾಡಬೇಕು ಅನ್ನೋದು ಬೇರೆ ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ, ಇಂಟೆಲ್ ಆದರೆ, ಹೆಚ್ಚಾಗಿ ಎಂಟನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರಿಗೆ ಮಾತ್ರ. ಡಿಡಿಆರ್3 ಮಷೀನು ಹೆಚ್ಚಾಗಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಇನ್ನೂ ಒಂದು ವಿಷಯ ಇದೆ. ಹಳೇ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್, ನುಡಿ, ಶ್ರೀಲಿಪಿ ಓಡಲಿ ಅಂತ 32 ಬಿಟ್ ವಿಂಡೋಸ್ 7 ಹಾಗೇ ಇಟ್ಟುಕೊಂಡಿರುತ್ತಾರೆ. ಅದು 4 ಜಿಬಿ ದಾಟಿ ರ‍್ಯಾಮ್ ಬಳಸುವುದೇ ಇಲ್ಲ. 8 ಜಿಬಿ ಹಾಕಿಸಿದರೆ ದುಡ್ಡು ಅಂಗಡಿಯವರಿಗೆ, ಮಷೀನ್ ಮಾತ್ರ ಮೊದಲಿನಷ್ಟೇ ನಿಧಾನ.

ಬೆಲೆ ಯಾಕೆ ಹೀಗೆ ಕುಣಿಯುತ್ತದೆ

ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಟ್ ಬಂತು ಅಂತ ಎಲ್ಲರೂ ಹಾಕುತ್ತಾರೆ, ಎಲ್ಲರ ಮಾಲೂ ಒಟ್ಟಿಗೆ ಬರುತ್ತದೆ, ರೇಟ್ ಬೀಳುತ್ತದೆ. ಬಿದ್ದಿತು ಅಂತ ಎಲ್ಲರೂ ಬಿಡುತ್ತಾರೆ, ಮುಂದಿನ ಸಲ ಮಾಲಿಲ್ಲದೆ ಏರುತ್ತದೆ. ರ‍್ಯಾಮ್ ಕಥೆಯೂ ಇದೇ. ಒಂದೇ ವ್ಯತ್ಯಾಸ, ಈರುಳ್ಳಿ ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ, ಚಿಪ್ ಕಾರ್ಖಾನೆ ಕಟ್ಟಿ ಮಾಲು ತೆಗೆಯೋಕೆ ವರ್ಷಗಳೇ ಬೇಕು. ಅದಕ್ಕೇ ಇಲ್ಲಿ ಏರಿಕೆಯೂ ಉದ್ದ, ಇಳಿಕೆಯೂ ಉದ್ದ.

2017–18ರಲ್ಲಿ ಬೆಲೆ ವಿಪರೀತ ಏರಿತ್ತು. 2019ರಲ್ಲಿ ಬಿತ್ತು. 2022–23ರಲ್ಲಿ ಮತ್ತೆ ಎಷ್ಟು ಬಿತ್ತು ಅಂದರೆ ಕಂಪನಿಗಳು ನಷ್ಟದಲ್ಲಿ ಮಾರಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಕೂಡ ಉತ್ಪಾದನೆ ಕಮ್ಮಿ ಮಾಡುತ್ತೇವೆ ಅಂತ ಹೇಳಿತು. ಅದೇ ವರ್ಷದ ಕೊನೆಗೆ ಬೆಲೆ ತಿರುಗಿತು.

ಆಮೇಲೆ ಎಐ ಬಂತು. ಎಐ ಸರ್ವರುಗಳಿಗೆ ಬೇಕಿರುವುದು ಎಚ್‌ಬಿಎಂ ಅನ್ನುವ ಬೇರೆ ಥರದ ಮೆಮೊರಿ. ಅಷ್ಟೇ ಜಿಬಿ ಡಿಡಿಆರ್5 ಮಾಡುವುದಕ್ಕೆ ಹೋಲಿಸಿದರೆ ಅದಕ್ಕೆ ಸುಮಾರು ಮೂರು ಪಟ್ಟು ಸಿಲಿಕಾನ್ ಹಿಡಿಯುತ್ತದೆ. ಲಾಭವೂ ಜಾಸ್ತಿ. ಕಂಪನಿಗಳು ಅತ್ತ ವಾಲಿದವು, ನಮ್ಮ ಪಿಸಿಗೆ ಬರುವ ಮಾಲು ಕಮ್ಮಿಯಾಯಿತು. 2025ರ ಕೊನೆಯ ತಿಂಗಳುಗಳಲ್ಲಿ ಅಂಗಡಿ ರೇಟ್ ಎರಡು ಪಟ್ಟು ದಾಟಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನಲ್ಲಿ ಜನಸಾಮಾನ್ಯರಿಗೆ ಮಾರುವ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಿಂದೆ ಮಾರಿದ ಮಾಲಿಗೆ ವಾರಂಟಿ ಮುಂದುವರಿಯುತ್ತದೆ ಅಂತಲೂ ಹೇಳಿದೆ, ಮನೆಯಲ್ಲಿ ಕ್ರೂಷಿಯಲ್ ಕಡ್ಡಿ ಇರುವವರು ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ.

ಈ ಚಕ್ರದಲ್ಲಿ ಕೊಳ್ಳುವವರಿಗೆ ಕೆಲಸಕ್ಕೆ ಬರುವ ಗುರುತು ಒಂದಿದೆ. "ಹೊಸ ಕಾರ್ಖಾನೆ ಕಟ್ಟುತ್ತೇವೆ" ಅನ್ನುವ ಸುದ್ದಿ ಕೇಳಿ ಬೆಲೆ ಇಳಿಯುತ್ತೆ ಅಂತ ಕಾಯಬೇಡಿ, ಆ ಮಾಲು ಬರೋಕೆ ವರ್ಷಗಳಿವೆ. "ಉತ್ಪಾದನೆ ಕಡಿತ ಮಾಡುತ್ತೇವೆ" ಅಂತ ಕಂಪನಿಗಳು ಹೇಳಲು ಶುರು ಮಾಡಿದಾಗ ಮಾತ್ರ ಇನ್ನು ಕಾಯಬೇಡಿ. ಇಳಿಕೆ ಕೊನೆ ಹಂತಕ್ಕೆ ಬರುತ್ತಿರುವ ಸಾಧ್ಯತೆ ಜಾಸ್ತಿ.

ಇಳಿದ ರೇಟು ದಾವಣಗೆರೆಗೆ ಯಾವಾಗ ಬರುತ್ತದೆ

ಸುದ್ದಿಯಲ್ಲಿ ಬರುವ ಬೆಲೆ ಎರಡು ಥರ. ಒಂದು ಸ್ಪಾಟ್ ಬೆಲೆ, ದಿನದಿನವೂ ಬದಲಾಗುತ್ತದೆ. ಇನ್ನೊಂದು ಕಾಂಟ್ರ್ಯಾಕ್ಟ್ ಬೆಲೆ, ಚಿಪ್ ಕಂಪನಿಗಳೂ ದೊಡ್ಡ ಲ್ಯಾಪ್‌ಟಾಪ್, ಸರ್ವರ್ ಕಂಪನಿಗಳೂ ತಿಂಗಳಿಗೋ ಮೂರು ತಿಂಗಳಿಗೋ ಕೂತು ಮಾತಾಡಿಕೊಳ್ಳುವುದು. ತೈವಾನಿನ ಟ್ರೆಂಡ್‌ಫೋರ್ಸ್ ಸಂಸ್ಥೆ ಎರಡನ್ನೂ ಪ್ರಕಟಿಸುತ್ತದೆ. ಇಳಿಕೆ ಮೊದಲು ಕಾಣುವುದು ಸ್ಪಾಟ್‌ನಲ್ಲಿ.

ಆದರೆ ನಮಗೂ ಅದಕ್ಕೂ ನಡುವೆ ಡಾಲರ್ ಇದೆ, ಆಮದುದಾರರಿದ್ದಾರೆ, ಬೆಂಗಳೂರಿನ ಸಗಟು ವ್ಯಾಪಾರಿ ಇದ್ದಾನೆ, ಆಮೇಲೆ ನಮ್ಮ ಅಂಗಡಿ. ಅಲ್ಲಿ ಇಳಿಯುವಾಗಲೇ ಇಲ್ಲಿ ರೂಪಾಯಿಯೂ ಬಿದ್ದರೆ ಆ ಲಾಭ ಅಷ್ಟಕ್ಕಷ್ಟೇ. ಏರುವಾಗ ಅಂಗಡಿಯಲ್ಲಿ ಅವತ್ತೇ ಏರುತ್ತದೆ. ಇಳಿಯುವಾಗ ಹಳೇ ಸ್ಟಾಕ್ ಖಾಲಿ ಆಗಬೇಕು. ಅಂಗಡಿಯವರನ್ನು ಬೈದು ಉಪಯೋಗ ಇಲ್ಲ, ಅವರೂ ಜಾಸ್ತಿ ಕೊಟ್ಟು ತಂದಿರುತ್ತಾರೆ. ನಾನು ಗಮನಿಸುವುದು ಅವರ ಮಾತಿನ ಧಾಟಿ. "ಇವತ್ತು ಸಂಜೆವರೆಗೆ ಮಾತ್ರ ಈ ರೇಟು" ಅಂದರೆ ಮಾರುಕಟ್ಟೆ ಇನ್ನೂ ಏರುತ್ತಿದೆ. "ತಗೊಂಡು ಹೋಗಿ ಸಾರ್, ಇನ್ನೊಂದಿನ್ನೂರು ನೋಡೋಣ" ಅಂದರೆ ಇಳಿಯಲು ಶುರುವಾಗಿದೆ.

ದಸರಾ, ದೀಪಾವಳಿ ಆನ್‌ಲೈನ್ ಸೇಲ್ ಬಗ್ಗೆಯೂ ಕೇಳುತ್ತಾರೆ. ಕಾರ್ಡ್ ಆಫರ್ ನಿಜವಾದ ಉಳಿತಾಯ. ಆದರೆ ಏರುವ ವರ್ಷದಲ್ಲಿ ಹಬ್ಬಕ್ಕೆ ಅಂತ ಕಾದರೆ, ಕಾರ್ಡಿನ ಆ ಹತ್ತು ಪರ್ಸೆಂಟ್ ರಿಯಾಯಿತಿ ಸಿಗುವುದರೊಳಗೆ ಬೆಲೆಯೇ ಅದಕ್ಕಿಂತ ಮೇಲೆ ಹೋಗಿರುತ್ತದೆ.

ನಿಮಗೆ ಬೇಕಿರುವುದು ರ‍್ಯಾಮೇನಾ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಮಷೀನ್ ನಿಧಾನ ಆಯಿತು, ರ‍್ಯಾಮ್ ಹಾಕಿಸೋಣ ಅಂತ ಹೊರಡುತ್ತಾರೆ. ಮೊದಲು ಒಳಗೆ ಹಾರ್ಡ್ ಡಿಸ್ಕ್ ಇದೆಯಾ, ಅದಕ್ಕಿಂತ ಎಷ್ಟೋ ವೇಗದ ಎಸ್‌ಎಸ್‌ಡಿ ಇದೆಯಾ ನೋಡಿ. ಇನ್ನೂ ಹಾರ್ಡ್ ಡಿಸ್ಕ್ ಮೇಲೇ ವಿಂಡೋಸ್ ಓಡುತ್ತಿದ್ದರೆ ದುಡ್ಡು ಎಸ್‌ಎಸ್‌ಡಿಗೆ ಹಾಕಿ, ರ‍್ಯಾಮ್ ಆಮೇಲೆ. ಎಸ್‌ಎಸ್‌ಡಿ ಬೆಲೆಯೂ ಹೆಚ್ಚುಕಮ್ಮಿ ರ‍್ಯಾಮ್ ಜೊತೆಗೇ ಏರಿಳಿಯುತ್ತದೆ, ಆದರೂ ಸಿಗುವ ವ್ಯತ್ಯಾಸ ದೊಡ್ಡದು.

ಎಸ್‌ಎಸ್‌ಡಿ ಇದ್ದೂ ನಿಧಾನ ಅಂದರೆ ಮತ್ತೆ ಟಾಸ್ಕ್ ಮ್ಯಾನೇಜರ್. ಪರಿಚಯದ ಒಂದು ಸ್ಟುಡಿಯೋದಲ್ಲಿ ಮದುವೆ ಸೀಸನ್ ಹೊತ್ತಿಗೆ ನೋಡಿದ್ದನ್ನು ಹೇಳುತ್ತೇನೆ. 8 ಜಿಬಿ ಮಷೀನು. ಫೋಟೋಶಾಪಿನಲ್ಲಿ ಆಲ್ಬಂ ಶೀಟುಗಳು ತೆರೆದಿವೆ, ಪಕ್ಕದಲ್ಲಿ ಕ್ರೋಮ್, ವಾಟ್ಸ್ಆ್ಯಪ್ ವೆಬ್. ಮೆಮೊರಿ 96 ಪರ್ಸೆಂಟ್. ಅಷ್ಟೇ ನೋಡಿ ತೀರ್ಮಾನ ಮಾಡಬಾರದು, ಅದು ಆ ಹೊತ್ತಿಗೆ ಎಷ್ಟು ತುಂಬಿದೆ ಅನ್ನೋದನ್ನಷ್ಟೇ ಹೇಳುತ್ತದೆ, ಒಟ್ಟು ಎಷ್ಟು ಬೇಕಾಗಿದೆ ಅನ್ನೋದನ್ನಲ್ಲ. ನೋಡಬೇಕಾದ್ದು ಅದರ ಕೆಳಗಿನ "ಕಮಿಟೆಡ್". ಅಲ್ಲಿ 14 ಚಿಲ್ಲರೆ ಅಂತ ಇತ್ತು. ಇರುವುದು 8, ಕಾರ್ಯಕ್ರಮಗಳು ಕೇಳುತ್ತಿರುವುದು 14. ಸಾಲದ್ದನ್ನು ವಿಂಡೋಸ್ ಡಿಸ್ಕಿನಿಂದ ಸಾಲ ತರುತ್ತಿದೆ. ಲೇಯರ್ ಒಂದು ಸರಿಸಿದರೆ ಮೌಸಿನ ಗುರುತು ಗುಂಡಗೆ ತಿರುಗುತ್ತಾ ನಿಲ್ಲುತ್ತದೆ, ಡಿಸೈನರ್ ಹುಡುಗ ಫೋನ್ ಕೈಗೆತ್ತಿಕೊಳ್ಳುತ್ತಾನೆ, ಶೀಟ್ ಬರುವವರೆಗೆ ರೀಲ್ಸ್ ನೋಡುತ್ತಾನೆ.

ಇಂಥ ಕಡೆ ಕಾಯುವ ಲೆಕ್ಕವೇ ಬೇರೆ. ದಿನಕ್ಕೆ ಅರ್ಧ ಗಂಟೆ ಹೀಗೆ ಹೋಗುತ್ತದೆ ಅನ್ನಿ. ತಿಂಗಳಿಗೆ 25 ದಿನಕ್ಕೆ ಹನ್ನೆರಡೂವರೆ ಗಂಟೆ. ಮೂರು ತಿಂಗಳು ಕಾದು ಕಡ್ಡಿಯ ಮೇಲೆ ಸಾವಿರ ರೂಪಾಯಿ ಉಳಿಸಿದರೂ ಮೂವತ್ತೇಳೂವರೆ ಗಂಟೆಯ ಸಂಬಳ ಹೋಗಿದೆ. ಬೆಲೆ ಎಷ್ಟೇ ಇರಲಿ, ಅವರು ಅವತ್ತೇ ಕೊಳ್ಳಬೇಕು. ಟ್ಯಾಲಿ ಒಂದೇ ನಡೆಸುವ ಮಂಡಿ ಅಂಗಡಿಯಲ್ಲಿ ಕಮಿಟೆಡ್ 5 ಜಿಬಿ ದಾಟದಿದ್ದರೆ, 8 ಇರುವುದು ಧಾರಾಳ. ಅವರು ಯಾವ ರೇಟಿಗೂ ಕೊಳ್ಳಬೇಕಿಲ್ಲ.

ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಕಡೆ ಇನ್ನೊಂದು ತಮಾಷೆ ನಡೆಯುತ್ತದೆ. ಧೂಳು ಸಿಪಿಯು ಒಳಗೆಲ್ಲ ಕೂತು, ಬಟನ್ ಒತ್ತಿದರೆ ಬೀಪ್ ಬೀಪ್, ಸ್ಕ್ರೀನ್ ಕಪ್ಪು. "ರ‍್ಯಾಮ್ ಹೋಯ್ತು" ಅಂತ ಹೊಸದಕ್ಕೆ ಓಡಬೇಡಿ. ಕರೆಂಟ್ ತೆಗೆದು, ಕಡ್ಡಿ ಬಿಚ್ಚಿ, ಬಂಗಾರದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗೂರಕ್ಕೆ ಉಜ್ಜಿ, ಪುಡಿ ಒರೆಸಿ, ಸ್ಲಾಟಿಗೆ ಗಾಳಿ ಹೊಡೆದು ಮತ್ತೆ ಹಾಕಿ. ತುಂಬಾ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ. ಖರ್ಚು ಐದು ರೂಪಾಯಿ ರಬ್ಬರ್.

ಒಂದು ಕಡ್ಡಿಯೋ, ಎರಡೋ. ಇಲ್ಲಿಯೋ, ಎಸ್‌ಪಿ ರೋಡಿನಲ್ಲೋ

16 ಜಿಬಿ ಬೇಕು ಅಂದರೆ ಎಂಟೆಂಟರ ಎರಡು ಕಡ್ಡಿ ಹಾಕಿದಾಗ ಮೆಮೊರಿ ಎರಡು ದಾರಿಯಲ್ಲಿ ಓಡುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಿಗೆ ಇದರ ಲಾಭ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಬೆಲೆ ಏರಿರುವ ಹೊತ್ತಿನಲ್ಲಿ, ಎರಡೇ ಸ್ಲಾಟ್ ಇರುವ ಬೋರ್ಡಿಗೆ ನಾನು 16ರ ಒಂದೇ ಕಡ್ಡಿ ಹಾಕಿಸುತ್ತೇನೆ. ಇಳಿದಾಗ ಇನ್ನೊಂದು ಸೇರಿಸಬಹುದು. ಎಂಟೆಂಟು ತುಂಬಿಸಿದರೆ ಮುಂದೆ ಒಂದನ್ನು ತೆಗೆದು ಬಿಸಾಕಬೇಕು. ಬೇರೆ ವೇಗದ ಕಡ್ಡಿ ಜೊತೆಗಿಟ್ಟರೆ ಎರಡೂ ನಿಧಾನದ್ದರ ವೇಗಕ್ಕೇ ಓಡುತ್ತವೆ, ಅಷ್ಟು ತೊಂದರೆ ಏನಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕಮ್ಮಿಗೆ ಸಿಗುತ್ತದೆ, ನಿಜ. ಒಂದು ಕಡ್ಡಿಗೆ ಅಂತ 260 ಕಿಲೋಮೀಟರ್ ಹೋಗಿಬರುವುದು ದಂಡ. ಕಾಲೇಜಿನ ಲ್ಯಾಬಿಗೆ ಮೂವತ್ತು ನಲವತ್ತು ಕಡ್ಡಿ ಬೇಕಿದ್ದರೆ ಮಾತ್ರ ಹೋಗಿ. ಊರಿನ ಅಂಗಡಿಯಲ್ಲಿ ಇನ್ನೂರು ಮುನ್ನೂರು ಜಾಸ್ತಿಯಾದರೂ ಕೆಟ್ಟರೆ ಮರುದಿನ ಹೋಗಿ ಕೇಳಬಹುದು, ಅಲ್ವಾ?

"ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ. ಜಿಎಸ್‌ಟಿ 18 ಪರ್ಸೆಂಟ್, 5,000 ರೂಪಾಯಿಯ ಮಾಲಿಗೆ 900 ಉಳಿಯುತ್ತದೆ ನಿಜ. ವರ್ಷಗಟ್ಟಲೆಯ ವಾರಂಟಿ ಆ 900ರ ಜೊತೆಗೇ ಹೋಗುತ್ತದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗಂತೂ ಆ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಬಿಲ್ ಬಿಟ್ಟರೆ ಅವರಿಗೇ ನಷ್ಟ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ

ಕಾಲೇಜಿಗೆ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ನೋಡುವಾಗ ರ‍್ಯಾಮ್ ಬೆಲೆ ಏರಿದ್ದರೆ ಎರಡು ದಾರಿ. ಖಾಲಿ ಸ್ಲಾಟ್ ಇರುವ ಮಾದರಿ ಸಿಕ್ಕರೆ 8 ಜಿಬಿಯದ್ದೇ ತಗೊಳ್ಳಿ. ಮೊದಲ ವರ್ಷದ ಪ್ರೋಗ್ರಾಮಿಂಗಿಗೆ ಅದು ನಡೆಯುತ್ತದೆ. ಬೆಲೆ ಇಳಿದ ಮೇಲೆ ಇನ್ನೊಂದು 8 ಹಾಕಿಸಿ. ರ‍್ಯಾಮ್ ಬೆಸೆದಿರುವ ತೆಳ್ಳನೆಯ ಮಾದರಿಯೇ ಬೇಕು ಅಂದರೆ ಬೆಲೆ ನೋಡದೆ 16 ಜಿಬಿ ತಗೊಳ್ಳಿ. ಆಂಡ್ರಾಯ್ಡ್ ಸ್ಟುಡಿಯೋ, ವರ್ಚುಯಲ್ ಮಷೀನ್ ಅಂತ ಮೂರನೇ ವರ್ಷಕ್ಕೆ ಬರುವಾಗ 8 ಸಾಲುವುದಿಲ್ಲ, ಆಗ ಸೇರಿಸುವ ದಾರಿಯೂ ಇರುವುದಿಲ್ಲ. ನನಗೆ ಕೇಳಿದರೆ ಮೊದಲನೆಯದೇ ಜಾಣತನ. ಅಂಗಡಿಯಲ್ಲಿ "ಎಕ್ಸ್‌ಪ್ಯಾಂಡಬಲ್" ಅಂದರೆ ಸಾಲದು, ಸ್ಲಾಟ್ ಖಾಲಿ ಇದೆಯಾ ಅಂತ ಅಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಲು ಹೇಳಿ.

ಹೊಸದಿರಲಿ ಹಳೇದಿರಲಿ, ಕಡ್ಡಿ ಹಾಕಿದ ರಾತ್ರಿ ಮೆಮ್‌ಟೆಸ್ಟ್86 ಅನ್ನುವ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಮಲಗಿ. ಮಧ್ಯೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಬೇಕು, ಯುಪಿಎಸ್ ಇದ್ದರೆ ಒಳ್ಳೆಯದು. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಅದರ ಫೋಟೋ ತೆಗೆದುಕೊಂಡು, ಬಿಲ್ ಸಮೇತ ಅವತ್ತೇ ಅಂಗಡಿಗೆ ಹೋಗಿ ಬದಲಾಯಿಸಿಕೊಳ್ಳಿ.